ಮೆಡಿಟರೇನಿಯನ್ ತೋಟಗಳಿಗೆ ಗುಂಪು ಪ್ರವಾಸ: ನೀರು ಕೇಳದ ಗಿಡಗಳನ್ನು ನೋಡಿ ಕಲಿಯುವುದು ಹೇಗೆ?

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿರುವ ನೀಸ್ ನಗರಕ್ಕೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಚಿತ್ರದುರ್ಗದ ಕಡೆ ಅಷ್ಟು ಮಳೆ ಬಂದರೆ ಆ ವರ್ಷ ಹಬ್ಬ. ಆದರೂ ನೀಸ್ ಸುತ್ತಮುತ್ತಲಿನ ತೋಟಗಾರರು ದಿನವೆಲ್ಲ ಬರದ ಮಾತೇ ಆಡುತ್ತಾರೆ. ಅಲ್ಲಿ ಮಳೆಯ ಬಹುಪಾಲು ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ, ಚಳಿಯ ಕಾಲದಲ್ಲೇ ಸುರಿದು ಮುಗಿಯುತ್ತದೆ. ಸೂರ್ಯ ಸುಡುವ ಜುಲೈ ತಿಂಗಳ ಸರಾಸರಿ ಮಳೆ 20 ಮಿ.ಮೀ. ಕೂಡ ಇಲ್ಲ. ನಮ್ಮ ಗಿಡಗಳು ಜೂನ್‌ನಲ್ಲಿ ಚಿಗುರಿ ಕುಣಿಯುವಾಗ ಅಲ್ಲಿನ ಗಿಡಗಳು ಉಸಿರು ಬಿಗಿಹಿಡಿದು ಕೂತಿರುತ್ತವೆ.

ಈ ಒಂದು ವಿಷಯ ತಿಳಿಯದೆ ನಾನು ಮೈಸೂರಿನ ಮನೆಯಲ್ಲಿ 3 ವರ್ಷ ಲ್ಯಾವೆಂಡರ್ ನೆಟ್ಟೆ. ಮೂರೂ ವರ್ಷ ಬೇಸಿಗೆ ದಾಟಿದ ಗಿಡ ಜುಲೈ ಮಳೆಗೆ ಬುಡ ಕೊಳೆತು ಸತ್ತಿತು. ನೀರು ಕಡಿಮೆ ಆಯ್ತು ಅಂತ ಇನ್ನಷ್ಟು ಹಾಕುತ್ತಿದ್ದೆ. ಬೆಚ್ಚಗಿನ ಒದ್ದೆ ಮಣ್ಣು ಅದಕ್ಕೆ ಆಗದು ಅಂತ ಗೊತ್ತಾಗಿದ್ದು ಆ ಊರಿಗೇ ಹೋಗಿ ನಿಂತಾಗ. ನಾವು 11 ಜನ ಹೋಗಿದ್ದೆವು. ಎಲ್ಲರೂ ತಾರಸಿ, ಹಿತ್ತಲು ಅಂತ ಗಿಡ ಬೆಳೆಸುವವರು. ಮೂವರು 60 ದಾಟಿದವರು. ನಾವು ಮಾಡಿದ್ದು, ಮಾಡಬೇಕಿದ್ದು ಎರಡನ್ನೂ ಸೇರಿಸಿ, ನೀಸ್‌ನಿಂದ ಇಟಲಿಯ ಗಡಿಯವರೆಗೆ ಮತ್ತು ಪಶ್ಚಿಮಕ್ಕೆ ರೇಯೊಲ್ ತೋಟದವರೆಗಿನ ಒಂದು ವಾರದ ಪ್ರವಾಸವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ತಿಂಗಳು ಆರಿಸಿ

ಏಪ್ರಿಲ್ ಕೊನೆಯ ವಾರದಿಂದ ಮೇ 10ರ ಒಳಗೆ ಹೋಗಿ. ಚಳಿಗಾಲದ ಮಳೆ ಕುಡಿದ ಗಿಡಗಳು ಆಗ ಮೈತುಂಬ ಹೂ ಬಿಟ್ಟಿರುತ್ತವೆ. ಸೆಕೆ ಇನ್ನೂ ಶುರುವಾಗಿರುವುದಿಲ್ಲ, ನಮ್ಮ ಮಡಿಕೇರಿಯ ಹವೆಯ ಹಾಗೆ ಹಿತವಾಗಿರುತ್ತದೆ. ಮೇ ತಿಂಗಳ ನಡುವಿನಲ್ಲಿ ಕಾನ್ ಚಿತ್ರೋತ್ಸವ, ಅದರ ಬೆನ್ನಿಗೆ ಮೊನಾಕೊ ಕಾರ್ ರೇಸ್. ಆಗ ರೂಮುಗಳ ಬಾಡಿಗೆ ಕೈಗೆಟುಕುವುದಿಲ್ಲ. ಮೇ 1 ಮತ್ತು ಮೇ 8 ಫ್ರಾನ್ಸಿನಲ್ಲಿ ಸಾರ್ವತ್ರಿಕ ರಜೆ, ಆ ದಿನಗಳನ್ನು ಪ್ರಯಾಣಕ್ಕೋ ವಿಶ್ರಾಂತಿಗೋ ಇಟ್ಟುಕೊಳ್ಳಿ.

ನಿಜವಾಗಿ ಕಲಿಯಬೇಕು ಅನ್ನುವವರಿಗೆ ಸೆಪ್ಟೆಂಬರ್ ಕೊನೆಯೂ ಒಳ್ಳೆಯದು. ಹೂ ಕಡಿಮೆ, ಆದರೆ 3 ತಿಂಗಳ ಬೇಸಿಗೆಯನ್ನು ಯಾವ ಗಿಡ ಹೇಗೆ ದಾಟಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಜುಲೈ, ಆಗಸ್ಟ್ ಮಾತ್ರ ಬೇಡವೇ ಬೇಡ. ಸೆಕೆ, ಜನಜಂಗುಳಿ ಒಂದು ಕಡೆ. ಕಾಡ್ಗಿಚ್ಚಿನ ಭಯ ಇರುವ ದಿನ ಗುಡ್ಡದ ದಾರಿಗಳನ್ನೇ ಮುಚ್ಚಿಬಿಡುತ್ತಾರೆ.

ಹೆಜ್ಜೆ 2: ಗುಂಪು ಕಟ್ಟಿ, ಮಾತು ಮೊದಲೇ ಆಡಿ

8ರಿಂದ 12 ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಕಿರಿದಾದ ತೋಟದ ದಾರಿಯಲ್ಲಿ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಒಂದೇ ವ್ಯಾನಿನಲ್ಲಿ ಹೋಗಲೂ ಆಗುವುದಿಲ್ಲ.

ಹೊರಡುವ 2 ತಿಂಗಳ ಮುಂಚೆ ಎಲ್ಲರನ್ನೂ ಒಂದು ಭಾನುವಾರ ಕೂರಿಸಿ ನೇರವಾಗಿ ಹೇಳಿ: ಇದು 5 ದೇಶ ನೋಡುವ ಪ್ರವಾಸ ಅಲ್ಲ, ದಿನಕ್ಕೆ ಒಂದೇ ತೋಟ, ಹೆಚ್ಚೆಂದರೆ ಒಂದೂವರೆ. ನಮಗೆ ಮೊದಲು ಸಿಕ್ಕ ಏಜೆಂಟರು ಒಂದೇ ದಿನದಲ್ಲಿ 3 ತೋಟ, ಒಂದು ಸುಗಂಧದ ಕಾರ್ಖಾನೆ, ಮೊನಾಕೊ ಅರಮನೆ ಎಲ್ಲ ತುಂಬಿಸಿ ಪಟ್ಟಿ ಕೊಟ್ಟಿದ್ದರು. ಅದನ್ನು ಒಪ್ಪಿಕೊಂಡಿದ್ದರೆ ಬಸ್ಸಿನ ಕಿಟಕಿ ನೋಡಿ ವಾಪಸ್ ಬರುತ್ತಿದ್ದೆವು.

ಇನ್ನೊಂದು ಮುಖ್ಯ ಮಾತು ಮಂಡಿ ನೋವಿನದು. ಈ ತೋಟಗಳೆಲ್ಲ ಸಮುದ್ರದ ಕಡೆ ಇಳಿಯುವ ಗುಡ್ಡದ ಮೇಲಿವೆ. ಮೆಟ್ಟಿಲು ತುಂಬಾ. ಹಿರಿಯರಿಗೆ ಮುಜುಗರ ಆಗದ ಹಾಗೆ ಮೊದಲೇ ಕೇಳಿ: ‘ಅತ್ತೆ, ನಿಮಗೆ ಒಂದು ಗಂಟೆ ಮೆಟ್ಟಿಲು ಹತ್ತಲು ಆಗುತ್ತಾ, ಇಲ್ಲ ಅರ್ಧದಲ್ಲಿ ಕೂರುವ ಜಾಗ ನೋಡಿಡಲಾ?’ ನಾವು ಇಬ್ಬಿಬ್ಬರ ಜೋಡಿ ಮಾಡಿಕೊಂಡಿದ್ದೆವು, ಒಬ್ಬ ಹಿರಿಯರಿಗೆ ಒಬ್ಬ ಕಿರಿಯರು. ಖರ್ಚಿಗೆ ಎಲ್ಲರೂ ಸಮನಾಗಿ ಹಾಕಿದ ಒಂದು ಪರ್ಸು. ರೈಲು, ಟಿಕೆಟ್, ಕಾಫಿ ಎಲ್ಲ ಅದರಿಂದಲೇ. ಲೆಕ್ಕಕ್ಕೆ ಒಬ್ಬರು, ದಾರಿಗೆ ಒಬ್ಬರು, ಗಿಡದ ಹೆಸರು ಬರೆದುಕೊಳ್ಳಲು ಒಬ್ಬರು.

ಹೆಜ್ಜೆ 3: ವೀಸಾ, ವಿಮಾನ, ಬಿಡಾರ

ಫ್ರಾನ್ಸ್ ಮತ್ತು ಇಟಲಿ ಎರಡಕ್ಕೂ ಒಂದೇ ಷೆಂಗೆನ್ ವೀಸಾ. ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಈ ಪ್ರವಾಸಕ್ಕೆ ಅದು ಫ್ರಾನ್ಸ್. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ಜನವರಿಯಲ್ಲೇ ಶುರು ಮಾಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಹಿರಿಯರ ವಿಮೆಯಲ್ಲಿ ಹಳೆಯ ಕಾಯಿಲೆಗಳು ಸೇರಿವೆಯಾ ಅಂತ ಓದಿ ನೋಡಿ.

ಬೆಂಗಳೂರಿನಿಂದ ನೀಸ್‌ಗೆ ನೇರ ವಿಮಾನ ಇಲ್ಲ. ದುಬೈ ಅಥವಾ ಪ್ಯಾರಿಸ್‌ನಲ್ಲಿ ಇಳಿದು ಇನ್ನೊಂದು ಹತ್ತಬೇಕು.

ಬಿಡಾರದ ವಿಷಯದಲ್ಲಿ ನನ್ನ ಸಲಹೆ ಗಟ್ಟಿಯಾದದ್ದು. ನೀಸ್ ಬಿಟ್ಟು ಮಾಂತೋನ್ ಊರಿನಲ್ಲಿ 5 ರಾತ್ರಿ ಇರಿ. ಇಟಲಿ ಗಡಿಗೆ ಅಂಟಿಕೊಂಡಿರುವ, ನಿಂಬೆಹಣ್ಣಿಗೆ ಹೆಸರಾದ ಸಣ್ಣ ಊರು ಅದು. ಬೆನ್ನಿಗೆ ಆಲ್ಪ್ಸ್ ಬೆಟ್ಟ ಇರುವುದರಿಂದ ಚಳಿಗಾಲದಲ್ಲೂ ಹಿಮ ಕೊರೆಯುವುದು ಬಲು ಅಪರೂಪ. ಅದಕ್ಕೇ ನೂರಕ್ಕೂ ಹೆಚ್ಚು ವರ್ಷಗಳಿಂದ ತೋಟದ ಹುಚ್ಚಿನವರು ಅಲ್ಲಿಗೇ ಬಂದು ಸೇರಿದ್ದಾರೆ. ನೀಸ್‌ನಿಂದ ಇಟಲಿಯ ವೆಂಟಿಮಿಲ್ಯಾದವರೆಗೆ ಸಮುದ್ರದ ಅಂಚಿನಲ್ಲೇ ಓಡುವ ಲೋಕಲ್ ರೈಲು ಇದೆ, ಹೆಚ್ಚಿನ ತೋಟಗಳಿಗೆ ಅದೇ ಸಾಕು. ಆಮೇಲೆ 2 ರಾತ್ರಿ ರೇಯೊಲ್ ತೋಟಕ್ಕೆ ಹತ್ತಿರದ ಲೆ ಲವಾಂದು ಊರಿನಲ್ಲಿ. ಅಲ್ಲಿಗೆ ಡ್ರೈವರ್ ಸಮೇತ ವ್ಯಾನ್ ಮಾಡಿಕೊಳ್ಳಿ.

ಮಾಂತೋನ್ ಮತ್ತು ವೆಂಟಿಮಿಲ್ಯಾ ನಡುವೆ ಗಡಿ ಗೇಟು ಅಂತ ಇಲ್ಲದಿದ್ದರೂ ಪೊಲೀಸರು ರೈಲಿನೊಳಗೆ ಬಂದು ಆಗಾಗ ತಪಾಸಣೆ ಮಾಡುತ್ತಾರೆ. ಪಾಸ್‌ಪೋರ್ಟ್ ರೂಮಿನಲ್ಲಿಟ್ಟು ಹೋಗಬೇಡಿ.

ಹೆಜ್ಜೆ 4: ಮನೆಯಲ್ಲೇ 6 ಗಿಡಗಳ ಪರಿಚಯ ಮಾಡಿಕೊಳ್ಳಿ

ಸಾವಿರಾರು ಜಾತಿಯ ಗಿಡ ಇರುವ ತೋಟಕ್ಕೆ ಸುಮ್ನೆ ಹೋದರೆ ಅರ್ಧ ಗಂಟೆಯಲ್ಲಿ ಕಣ್ಣು ದಣಿಯುತ್ತದೆ. 6 ಗಿಡ ಗುರುತಿದ್ದರೆ ಜಾತ್ರೆಯಲ್ಲಿ ಪರಿಚಯದವರು ಸಿಕ್ಕ ಹಾಗೆ. ನಾವು ಆರಿಸಿಕೊಂಡಿದ್ದು ಇವು: ಆಲಿವ್, ರೋಸ್‌ಮರಿ, ಸಿಸ್ಟಸ್, ಫ್ಲೋಮಿಸ್, ಪಿಸ್ತಾದ ಬಳಗದ ಲೆಂಟಿಸ್ಕ್, ಮತ್ತು ಮರದಂತೆ ಬೆಳೆಯುವ ಯೂಫೋರ್ಬಿಯಾ ಅಂದರೆ ಅಲ್ಲಿನ ಕಳ್ಳಿ. ಫಲಕಗಳ ಮೇಲೆ ಲ್ಯಾಟಿನ್ ಹೆಸರೇ ಇರುವುದರಿಂದ ಫ್ರೆಂಚ್ ಬರದಿದ್ದರೂ ತೊಂದರೆ ಇಲ್ಲ.

ಇವುಗಳಲ್ಲಿ ನಮಗೆ ತೀರ ಅಪರಿಚಿತ ಅನ್ನುವಂಥದ್ದು ಕಡಿಮೆ. ಫ್ಲೋಮಿಸ್ ನಮ್ಮ ತುಂಬೆ, ತುಳಸಿಯ ಕುಟುಂಬದ್ದು. ಹೂ ಸುತ್ತುಸುತ್ತಾಗಿ ಕೂರುವುದು ನೋಡಿದರೆ ತುಂಬೆಯ ಅಕ್ಕ ಅಂತಲೇ ಅನಿಸುತ್ತದೆ. ನಮ್ಮ ಕಣಗಿಲೆ ಇದೆಯಲ್ಲ, ದೇವರಿಗೆ ಏರಿಸುವ ಹೂ, ಹೆದ್ದಾರಿಯ ನಡುವೆ ಸಾಲಾಗಿ ನೆಡುತ್ತಾರಲ್ಲ, ಅದು ಮೆಡಿಟರೇನಿಯನ್ ನಾಡಿನ ಒಣ ಹಳ್ಳಗಳಲ್ಲಿ ಕಾಡುಗಿಡ. ಇದನ್ನು ತಿಳಿದ ಮೇಲೆ ಹೆದ್ದಾರಿಯಲ್ಲಿ ಅದು ಹೇಗೆ ಬದುಕುತ್ತದೆ ಅಂತ ಕೇಳಬೇಕಾಗಿಲ್ಲ.

ಹೆಜ್ಜೆ 5: ಯಾವ ತೋಟ, ಯಾವ ದಿನ

ಬಂದ ದಿನ ಏನೂ ಬೇಡ, ಸಮುದ್ರ ದಂಡೆಯಲ್ಲಿ ನಡೆದು ಮಲಗಿ. ಪ್ರತಿ ತೋಟಕ್ಕೂ ವಾರದ ರಜೆ ಬೇರೆ ಬೇರೆ. ಅದನ್ನು ತೋಟಗಳ ಜಾಲತಾಣದಲ್ಲಿ ನೋಡಿ ದಿನಗಳನ್ನು ಹೊಂದಿಸಿಕೊಳ್ಳಿ. ಗುಂಪಿಗೆ ಮಾರ್ಗದರ್ಶಕರು ಬೇಕಿದ್ದರೆ ತಿಂಗಳ ಮುಂಚೆ ಪತ್ರ ಬರೆಯಿರಿ.

ಎರಡನೆಯ ದಿನ ಮಾಂತೋನ್‌ನ ವಾಲ್ ರಾಮೆ. ಗಾರಾವಾನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1966ರಿಂದ ಫ್ರಾನ್ಸಿನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ ಇದನ್ನು ನೋಡಿಕೊಳ್ಳುತ್ತಿದೆ. ಇಲ್ಲಿ ಉಷ್ಣವಲಯದ ಗಿಡಗಳೇ ಜಾಸ್ತಿ, ನಮ್ಮವರಿಗೆ ಹಿತ್ತಲಿಗೆ ಹೋದ ಹಾಗೆ ಅನಿಸುತ್ತದೆ. ಬರದ ಪಾಠಕ್ಕೆ ಇದು ಅಷ್ಟು ಉಪಯೋಗವಿಲ್ಲ. ಆದರೆ ಇಲ್ಲಿರುವ ಟೊರೊಮಿರೊ ಮರವನ್ನು ನೋಡದೆ ಬರಬೇಡಿ. ಈಸ್ಟರ್ ದ್ವೀಪದ ಮರ. ತನ್ನ ಹುಟ್ಟೂರಿನ ಕಾಡಿನಲ್ಲಿ ಪೂರ್ತಿ ಅಳಿದುಹೋಗಿ, ಇಂಥ ತೋಟಗಳಲ್ಲಿ ಮಾತ್ರ ಉಳಿದಿದೆ.

ಮೂರನೆಯ ದಿನ ಪೂರ್ತಿ ಹ್ಯಾನ್‌ಬರಿ ತೋಟಕ್ಕೆ ಕೊಡಿ. ವೆಂಟಿಮಿಲ್ಯಾ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಲಾ ಮೊರ್ತೊಲಾ ಅನ್ನುವ ಹಳ್ಳಿಗೆ ಹೋಗಬೇಕು. ಶಾಂಘೈನಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ ಥಾಮಸ್ ಹ್ಯಾನ್‌ಬರಿ 1867ರಲ್ಲಿ ಈ ಗುಡ್ಡ ಕೊಂಡರು. ಅವರ ಅಣ್ಣ ಡೇನಿಯಲ್ ಔಷಧ ಸಸ್ಯಗಳ ಪಂಡಿತ. ಇಬ್ಬರೂ ಸೇರಿ ಲೋಕದ ಮೂಲೆಮೂಲೆಯಿಂದ ಗಿಡ ತರಿಸಿ, ಯಾವುದು ಈ ಬಿಸಿಲಿಗೆ ನಿಲ್ಲುತ್ತದೆ ಅಂತ ಪ್ರಯೋಗ ಮಾಡಿದರು. ಈಗ ಜಿನೋವಾ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಸುಮಾರು 18 ಹೆಕ್ಟೇರ್ ಜಾಗ.

ಬಾಗಿಲು ಮೇಲಿನ ರಸ್ತೆಯಲ್ಲಿ, ತೋಟ ಇಳಿಯುವುದು ಸಮುದ್ರದವರೆಗೆ. ಇಳಿಯುವಾಗ ಸುಖ, ಹತ್ತುವಾಗ ಕಷ್ಟ. ಬೆಳಿಗ್ಗೆ ಬೇಗ ಹೋಗಿ ನಿಧಾನ ಇಳಿಯಿರಿ, ಕೆಳಗೆ ಕೂತು ದಣಿವಾರಿಸಿಕೊಂಡು, ಬಿಸಿಲು ಇಳಿದ ಮೇಲೆ ಹತ್ತಿ. ಕೆಳಭಾಗದಲ್ಲಿ ಪುರಾತನ ರೋಮನ್ ರಸ್ತೆಯ ತುಂಡೊಂದು ತೋಟದ ನಡುವೆಯೇ ಹಾದುಹೋಗುತ್ತದೆ. ಕ್ರಿಸ್ತಪೂರ್ವ 13ರಲ್ಲಿ ಅಗಸ್ಟಸ್ ಚಕ್ರವರ್ತಿ ಮಾಡಿಸಿದ ಹಾದಿ ಅದು.

ದೊಡ್ಡ ಕತ್ತಾಳೆಗಳ ಮಡಿಯ ಮುಂದೆ ನಮ್ಮ ಗುಂಪಿನಲ್ಲಿದ್ದ ಚಿಕ್ಕಮ್ಮ ನಿಂತುಬಿಟ್ಟರು. ‘ಏನೇ, ಇದು ನಮ್ಮ ಹೊಲದ ಬೇಲಿ ಕತ್ತಾಳೆ ಅಲ್ವಾ?’ ಹೌದು, ಅದೇ. ಮೆಕ್ಸಿಕೊ ಕಡೆಯಿಂದ ಹೊರಟ ಗಿಡ ಒಂದು ದಾರಿಯಲ್ಲಿ ಇಲ್ಲಿಗೆ, ಇನ್ನೊಂದು ದಾರಿಯಲ್ಲಿ ನಮ್ಮ ಬಯಲುಸೀಮೆಗೆ ಬಂದಿದೆ. ನಾವು ಬೇಲಿಗೆ ನೆಟ್ಟು ಮರೆತದ್ದನ್ನು ಅವರು ಜಲ್ಲಿ ಹರಡಿ, ಕಲ್ಲು ಜೋಡಿಸಿ, ಫಲಕ ಹಾಕಿ ತೋಟದ ಕಳಶ ಮಾಡಿಟ್ಟಿದ್ದರು. ಚಿಕ್ಕಮ್ಮ ಆ ದಿನವೆಲ್ಲ ಅದರ ಮಾತೇ ಆಡಿದರು. ನೀರಿಲ್ಲದ ತೋಟ ಅಂದರೆ ಬಡ ತೋಟ ಅಂತ ನಮ್ಮ ಮನಸ್ಸಿನಲ್ಲಿ ಇದ್ದದ್ದು ಅಲ್ಲೇ ಕಳಚಿಬಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಸಂತೆ ನೋಡಿ, ಮಧ್ಯಾಹ್ನ ಸೇರ್ ದ ಲಾ ಮಡೋನ್ ತೋಟಕ್ಕೆ ಹೋಗಿ. ಇಂಗ್ಲೆಂಡಿನ ಹಿಡ್ಕೋಟ್ ತೋಟ ಮಾಡಿದ ಲಾರೆನ್ಸ್ ಜಾನ್‌ಸ್ಟನ್ 1924ರಲ್ಲಿ ಮಾಂತೋನ್ ಮೇಲಿನ ಗೊರ್ಬಿಯೊ ಕಣಿವೆಯಲ್ಲಿ ಇದನ್ನು ಶುರು ಮಾಡಿದರು. ಇಲ್ಲಿ ಹೂವಿಗಿಂತ ಗೋಡೆ ನೋಡಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಒಡ್ಡುಗಳು. ಸಂದಿಗಳಲ್ಲಿ ಹೆಚ್ಚಿನ ನೀರು ಸೋರಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ, ಹಗಲು ಕಾದ ಕಲ್ಲು ರಾತ್ರಿ ಬೆಚ್ಚಗಿಡುತ್ತದೆ. ಹೀಗೆ ಒಣ ಕಲ್ಲು ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಐದನೆಯ ದಿನ ಎಜ್. ಇಲ್ಲೊಂದು ಎಚ್ಚರಿಕೆ ಬೇಕು. ‘ಎಜ್-ಸುರ್-ಮೇರ್’ ಸ್ಟೇಷನ್ ಸಮುದ್ರದ ಮಟ್ಟದಲ್ಲಿದೆ, ಹಳೆಯ ಊರು ಮತ್ತು ತೋಟ 400 ಮೀಟರ್‌ಗೂ ಮೇಲೆ. ಹಿರಿಯರಿದ್ದರೆ ನೀಸ್‌ನಿಂದ ಮೇಲಿನ ಊರಿಗೇ ಹೋಗುವ ಬಸ್ ಹಿಡಿಯಿರಿ. ಪಾಳುಬಿದ್ದ ಕೋಟೆಯ ಬಂಡೆಗಳ ಮೇಲೆ ಎರಡನೆಯ ಮಹಾಯುದ್ಧದ ನಂತರ ಮಾಡಿದ ಕಳ್ಳಿ ತೋಟ ಇದು. ಹಿಡಿ ಮಣ್ಣು ಇರುವ ಬಂಡೆಯ ಸೀಳಿನಲ್ಲಿ ಏನೆಲ್ಲ ಬೆಳೆಯುತ್ತದೆ ಅಂತ ನೋಡಬೇಕು. ಮನಸ್ಸಿದ್ದರೆ ಸಂಜೆ ಕ್ಯಾಪ್ ಫೆರಾದ ವಿಲ್ಲಾ ಎಫ್ರುಸ್ಸಿ ನೋಡಬಹುದು. ಕಾರಂಜಿಗಳು, ಗುಲಾಬಿ ಬಣ್ಣದ ಬಂಗಲೆ, ತುಂಬಾ ಚೆಂದ. ಅದು ನೀರು ಬೇಡುವ ಅರಮನೆ ತೋಟ. ಬೆಳಿಗ್ಗೆ ಬಂಡೆ, ಸಂಜೆ ಕಾರಂಜಿ ನೋಡಿದರೆ ವ್ಯತ್ಯಾಸ ಮನಸ್ಸಿಗೆ ನಾಟುತ್ತದೆ.

ಆರನೆಯ ದಿನ ವ್ಯಾನಿನಲ್ಲಿ ಪಶ್ಚಿಮಕ್ಕೆ. ಏಳನೆಯ ದಿನ ರೇಯೊಲ್. ಇಡೀ ಪ್ರವಾಸದಲ್ಲಿ ಒಂದೇ ತೋಟಕ್ಕೆ ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಚಳಿಯಲ್ಲಿ ಮಳೆ, ಬೇಸಿಗೆಯಲ್ಲಿ ಬರ ಅನ್ನುವ ಹವಾಮಾನ ಭೂಮಿಯ ಮೇಲೆ 5 ಕಡೆ ಇದೆ. ಮೆಡಿಟರೇನಿಯನ್ ಸುತ್ತಲಿನ ನಾಡುಗಳು, ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್, ಆಸ್ಟ್ರೇಲಿಯಾದ ದಕ್ಷಿಣ ಮತ್ತು ನೈಋತ್ಯ ಮೂಲೆ. ಫ್ರಾನ್ಸಿನ ಕರಾವಳಿ ಸಂರಕ್ಷಣಾ ಸಂಸ್ಥೆ 1989ರಲ್ಲಿ ಈ ಜಾಗ ಕೊಂಡು, ತೋಟ ವಿನ್ಯಾಸಕಾರ ಜಿಲ್ ಕ್ಲೆಮಾಂ ಕೈಗೆ ಕೊಟ್ಟಿತು. ಅವರು ಈ ನಾಡುಗಳ ಗಿಡಗಳನ್ನು ಗುಡ್ಡದ ಮೇಲೆ ಒಂದೊಂದು ನೋಟವಾಗಿ ಜೋಡಿಸಿದರು. ಕಾಲುಗಂಟೆ ನಡೆದರೆ ಕ್ಯಾಲಿಫೋರ್ನಿಯಾದಿಂದ ಆಸ್ಟ್ರೇಲಿಯಾಕ್ಕೆ ಬಂದಿರುತ್ತೀರಿ. ಗಿಡಗಳಿಗೆ ಪರಸ್ಪರ ನೆಂಟಸ್ತಿಕೆ ಇಲ್ಲ, ಸಾವಿರಾರು ಮೈಲಿ ದೂರದವು. ಆದರೆ ಎಲೆ ಮುಟ್ಟಿದರೆ ಎಲ್ಲವೂ ಒಂದೇ ಥರ ಒರಟು, ಸಣ್ಣದು, ದಪ್ಪ. ಒಂದೇ ಕಷ್ಟಕ್ಕೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಉತ್ತರ ಹುಡುಕಿಕೊಂಡಿವೆ.

ಇಲ್ಲಿ ಬಿದ್ದ ಬೀಜದಿಂದ ತಾನಾಗಿ ಹುಟ್ಟಿದ ಗಿಡವನ್ನು ಕಳೆ ಅಂತ ಕಿತ್ತು ಬಿಸಾಡುವುದಿಲ್ಲ. ಎಲ್ಲಿ ಹುಟ್ಟಬೇಕು ಅನ್ನುವುದು ಗಿಡಕ್ಕೇ ಚೆನ್ನಾಗಿ ಗೊತ್ತು ಅನ್ನುವುದು ಕ್ಲೆಮಾಂ ಅವರ ದಾರಿ. ದಾರಿಯ ನಡುವೆ ಎದ್ದ ಗಿಡವನ್ನು ಉಳಿಸಿಕೊಂಡು, ದಾರಿಯನ್ನೇ ಸ್ವಲ್ಪ ಆಚೆ ಸರಿಸುವ ಬಗೆಯ ತೋಟಗಾರಿಕೆ.

ಹೆಜ್ಜೆ 6: ತೋಟದೊಳಗೆ ನೋಡುವ ಕ್ರಮ

ಫೋಟೊ ಮೊದಲು ತೆಗೆಯಬೇಡಿ. ಒಂದು ಗಿಡದ ಮುಂದೆ 10 ನಿಮಿಷ ನಿಲ್ಲಿ. ಜೋಡಿಗೊಂದು ಭೂತಗನ್ನಡಿ, ಒಂದು ಸಣ್ಣ ನೋಟ್‌ಬುಕ್ ಇರಲಿ.

ಮೊದಲು ಎಲೆಯ ಬಣ್ಣ ನೋಡಿ. ಬೂದಿ ಬಣ್ಣವಿದ್ದರೆ ಹತ್ತಿರ ಹೋಗಿ. ಚಿಕ್ಕಮ್ಮ ಫ್ಲೋಮಿಸ್ ಎಲೆಯ ಮೇಲೆ ಧೂಳು ಕೂತಿದೆ ಅಂತ ಸೆರಗಿನಿಂದ ಒರೆಸಿದರು. ಧೂಳು ಹೋಗಲಿಲ್ಲ. ಭೂತಗನ್ನಡಿ ಹಿಡಿದರೆ ದಟ್ಟವಾಗಿ ಹೆಣೆದ ಬಿಳಿ ಕೂದಲು, ಕಂಬಳಿ ಹೊದ್ದ ಹಾಗೆ. ಅದು ಬಿಸಿಲನ್ನು ಚದುರಿಸುತ್ತದೆ, ಎಲೆಯ ಮೇಲೆ ಗಾಳಿ ನೇರವಾಗಿ ಬೀಸದಂತೆ ತಡೆದು ತೇವ ಉಳಿಸುತ್ತದೆ. ನಮ್ಮ ದೊಡ್ಡಪತ್ರೆ ಎಲೆಯ ಮೇಲೂ ಇಂಥ ನವಿರು ಇದೆ, ಊರಿಗೆ ಬಂದು ನೋಡಿ.

ಆಮೇಲೆ ಎಲೆ ತಿರುವಿ. ಆಲಿವ್ ಎಲೆಯ ಬೆನ್ನು ಬೆಳ್ಳಿ ಬಣ್ಣ. ಎಲೆ ಉಸಿರಾಡುವ ರಂಧ್ರಗಳು ಆ ಬೆಳ್ಳಿಯ ಹೊದಿಕೆಯ ಕೆಳಗೆ ಅಡಗಿವೆ. ರೋಸ್‌ಮರಿ ಎಲೆ ಅಂಚನ್ನು ಒಳಕ್ಕೆ ಮಡಚಿಕೊಂಡು ಸೂಜಿಯ ಹಾಗಾಗಿದೆ. ಮೂರನೆಯದಾಗಿ ಮೂಸಿ. ಸಿಸ್ಟಸ್ ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕೆಲವು ಜಾತಿಗಳಲ್ಲಿ ಅಂಟು ಮೆತ್ತಿಕೊಳ್ಳುತ್ತದೆ, ಧೂಪದಂಥ ವಾಸನೆ. ಈ ಅಂಟನ್ನು ಅತ್ತರು ಮಾಡಲು ಬಳಸುತ್ತಾರೆ. ಸಿಸ್ಟಸ್ ಹೂ ಒಂದೇ ದಿನದ್ದು. ಬೆಳಿಗ್ಗೆ ಸುಕ್ಕುಬಿದ್ದ ರೇಷ್ಮೆಯ ಹಾಗೆ ಅರಳಿ, ಸಂಜೆಗೆ ದಳ ಉದುರಿಸುತ್ತದೆ. ಹಾಗಾಗಿ ಅದನ್ನು ಬೆಳಿಗ್ಗೆಯೇ ನೋಡಬೇಕು.

ಇವೆಲ್ಲಕ್ಕಿಂತ ನನಗೆ ಅಚ್ಚರಿ ತಂದದ್ದು ಮರ ಯೂಫೋರ್ಬಿಯಾ. ಶರತ್ಕಾಲದ ಮಳೆಗೆ ಚಿಗುರಿ, ವಸಂತದಲ್ಲಿ ಹಳದಿ ಹೂ ಬಿಟ್ಟು, ಮೇ ಬರುತ್ತಿದ್ದಂತೆ ಕೆಂಪಗಾಗುತ್ತದೆ. ಆಮೇಲೆ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ. ಬೇಸಿಗೆ ಪೂರ್ತಿ ನಿದ್ದೆ. ನಾವು ಹೋದಾಗ ಬಂಡೆಯ ಅಂಚಿನಲ್ಲಿ ಕೆಲವು ಗಿಡ ಅರ್ಧ ಹಸಿರು, ಅರ್ಧ ಕೆಂಪು ಇದ್ದವು. ಗೊತ್ತಿಲ್ಲದವರು ಒಣಗಿಹೋಯಿತು ಅಂದುಕೊಂಡು ನೀರು ಹೊಯ್ಯುತ್ತಾರೆ. ಮಲಗಿರುವ ಬೇರಿಗೆ ಬಿಸಿ ಮಣ್ಣಿನಲ್ಲಿ ನೀರು ಹೊಯ್ದರೆ ಅದು ಕೊಳೆಯುತ್ತದೆ. ನನ್ನ ಲ್ಯಾವೆಂಡರ್ ಸತ್ತಿದ್ದೂ ಬಿಸಿ ಮಣ್ಣಿನ ನೀರಿನಿಂದಲೇ.

ಯೂಫೋರ್ಬಿಯಾ ಕೊಂಬೆ ಮುರಿಯಬೇಡಿ. ಬಿಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ನಮ್ಮ ಕಳ್ಳಿ ಹಾಲಿನ ಹಾಗೆಯೇ. ಕಣಗಿಲೆಯೂ ವಿಷ. ಮಕ್ಕಳಿದ್ದರೆ ಮೊದಲೇ ಹೇಳಿಡಿ.

ಕೊನೆಗೆ ನೆಲ ನೋಡಿ. ಯಾರೂ ನೋಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಗಿಡದ ಬುಡದಲ್ಲಿ ಏನು ಹರಡಿದ್ದಾರೆ, ಜಲ್ಲಿಯಾ, ಮರದ ಚೂರಾ? ಗಿಡದಿಂದ ಗಿಡಕ್ಕೆ ಎಷ್ಟು ಅಂತರ? ಮಡಿ ಎತ್ತರದಲ್ಲಿದೆಯಾ, ತಗ್ಗಿನಲ್ಲಿದೆಯಾ? ಇವನ್ನು ಅಡಿ ಲೆಕ್ಕದಲ್ಲಿ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನಮಗೆ ಉಪಯೋಗಕ್ಕೆ ಬಂದದ್ದು ಹೂವಿನ ಫೋಟೊಗಳಲ್ಲ, ಈ ಪುಟಗಳು.

ಊಟದ ಬಗ್ಗೆ ಒಂದು ಮಾತು

ಸಸ್ಯಾಹಾರಿಗಳಿಗೆ ಈ ಕರಾವಳಿಯಲ್ಲಿ ಸೊಕ್ಕಾ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಅಗಲ ತಾಮ್ರದ ತಟ್ಟೆಯಲ್ಲಿ ಹೊಯ್ದು, ಸೌದೆ ಒಲೆಯಲ್ಲಿ ಬೇಯಿಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ಕಡಲೆ ಹಿಟ್ಟಿನ ದೋಸೆಯ ಅಣ್ಣ. ಬಿಸಿ ಇರುವಾಗಲೇ ತಿನ್ನಬೇಕು. ಈರುಳ್ಳಿ ಹರಡಿದ ಪಿಸ್ಸಲಾದಿಯೇರ್ ಅನ್ನುವ ರೊಟ್ಟಿ ನೋಡಲು ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಮೀನು ಇರುತ್ತದೆ. ಪಾನ್ ಬಾನ್ಯಾ ಅನ್ನುವ ಬನ್ನಿನ ಸ್ಯಾಂಡ್‌ವಿಚ್‌ನಲ್ಲೂ ಅಷ್ಟೇ. ಕೇಳಿ ತಿನ್ನಿ. ತೋಟಕ್ಕೆ ಹೋಗುವ ದಿನ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಇದಕ್ಕೆಲ್ಲ ಅನುಕೂಲ.

ಹೆಜ್ಜೆ 7: ಏನು ತರಬಾರದು

ಒಂದು ಕಡ್ಡಿ, ಒಂದು ಗೆಡ್ಡೆ, ಒಂದು ಹಿಡಿ ಬೀಜ ಕೂಡ ಬ್ಯಾಗಿನಲ್ಲಿ ತರಬೇಡಿ. ಆಮದು ಪರವಾನಗಿ ಮತ್ತು ಗಿಡಕ್ಕೆ ರೋಗವಿಲ್ಲ ಅನ್ನುವ ಪ್ರಮಾಣಪತ್ರ ಇಲ್ಲದೆ ಗಿಡ, ಬೀಜ ತರುವುದನ್ನು ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶ ತಡೆಯುತ್ತದೆ. ಇದು ಬರೀ ಕಾಗದದ ಮಾತಲ್ಲ. ಕ್ಸೈಲೆಲ್ಲಾ ಅನ್ನುವ ಬ್ಯಾಕ್ಟೀರಿಯಾ 2013ರಲ್ಲಿ ದಕ್ಷಿಣ ಇಟಲಿಯ ಪೂಲ್ಯಾದಲ್ಲಿ ಪತ್ತೆಯಾಯಿತು. ನೂರಾರು ವರ್ಷದ ಆಲಿವ್ ಮರಗಳೂ ಸೇರಿ ಲಕ್ಷಗಟ್ಟಲೆ ಮರ ಒಣಗಿದವು. ನಾವು ಆಸೆಗೆ ತಂದ ಒಂದು ಟೊಂಗೆ ನಮ್ಮ ರೈತರ ತೋಟಕ್ಕೆ ಏನು ತರುತ್ತದೋ ಯಾರಿಗೆ ಗೊತ್ತು.

ಹೆಜ್ಜೆ 8: ಕಲಿತದ್ದನ್ನು ನಮ್ಮ ಮಣ್ಣಿಗೆ ಇಳಿಸುವುದು

ಗಿಡ ಅವರದು ಬೇಡ, ಕ್ರಮ ಅವರದು ಇರಲಿ. ಫ್ರಾನ್ಸಿನ ಮೆಜ್ ಊರಿನಲ್ಲಿ ನರ್ಸರಿ ಕಟ್ಟಿ ದಶಕಗಳ ಕಾಲ ಒಣ ತೋಟಗಳ ಮೇಲೆ ಕೆಲಸ ಮಾಡಿದ ಒಲಿವಿಯೆ ಫಿಲಿಪ್ಪಿ ಹೇಳುವ ಕ್ರಮ ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಗಿಡದ ಸುತ್ತ ಸುಮಾರು 60 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಕಟ್ಟೆ ಮಾಡು, ಒಮ್ಮೆಗೆ 20ರಿಂದ 30 ಲೀಟರ್ ನೀರು ತುಂಬು, ಆಮೇಲೆ 2-3 ವಾರ ಮುಟ್ಟಬೇಡ. ನಮ್ಮ ತೆಂಗಿನ ಪಾತಿ ನೆನಪಾಯಿತು ಅಲ್ವಾ? ನೀರು ಆಳಕ್ಕೆ ಇಳಿದರೆ ಬೇರು ಅದನ್ನು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿದು, ಒಂದು ವಾರ ನೀವು ಊರಲ್ಲಿ ಇಲ್ಲದಿದ್ದರೆ ಗಿಡ ಸಾಯುತ್ತದೆ.

ಅವರು ಅಕ್ಟೋಬರ್, ನವೆಂಬರ್‌ನಲ್ಲಿ ನೆಡುತ್ತಾರೆ, ಮಳೆ ಶುರುವಾಗುವ ಹೊತ್ತಿಗೆ. ಅದನ್ನೇ ನಾವು ಜೂನ್ ಅಂತ ಓದಿಕೊಳ್ಳಬೇಕು. ಮುಂಗಾರಿನ ಎರಡನೆಯ ಹದ ಮಳೆ ಬಿದ್ದ ಮೇಲೆ ನೆಡಿ.

ಗಿಡ ಸಣ್ಣದಿರಲಿ, ಗೇಣುದ್ದ ಸಾಕು. ದೊಡ್ಡ ಕುಂಡದಲ್ಲಿ ಬೆಳೆದ ಗಿಡದ ಬೇರು ಸುತ್ತಿಕೊಂಡಿರುತ್ತದೆ, ಹೊಸ ಮಣ್ಣಿಗೆ ಹೊಂದಲು ತಡ. ಗೊಬ್ಬರ ಹಾಕಬೇಡಿ. ಗೊಬ್ಬರ ಉಂಡು ಕೊಬ್ಬಿದ ಎಲೆ ಮೊದಲ ಬಿಸಿಲಿಗೇ ಬಾಡುತ್ತದೆ. ಜೇಡಿ ಮಣ್ಣಾದರೆ ಒಂದಡಿ ಎತ್ತರದ ದಿಬ್ಬ ಮಾಡಿ, ಮಣ್ಣಿಗೆ ಜಲ್ಲಿ ಬೆರೆಸಿ, ಅದರ ಮೇಲೆ ನೆಡಿ. ಬುಡದ ಸುತ್ತ ಮೂರು ನಾಲ್ಕು ಬೆರಳು ದಪ್ಪ ಸಣ್ಣ ಜಲ್ಲಿ ಹರಡಿ. ಕಳೆ ಕಡಿಮೆಯಾಗುತ್ತದೆ, ತೇವ ಉಳಿಯುತ್ತದೆ, ಮಳೆಯಲ್ಲಿ ಬುಡ ಒಣಗಿರುತ್ತದೆ.

ಯಾವ ಗಿಡ? ಹಳದಿ ಹೂವಿನ ತಂಗಡಿ, ಕಣಗಿಲೆ, ಕತ್ತಾಳೆ, ಲೋಳೆಸರ, ದೊಡ್ಡಪತ್ರೆ, ದಾಳಿಂಬೆ, ಕಾಗದದ ಹೂ. ತಂಗಡಿಯನ್ನು ನಾವು ರಸ್ತೆ ಬದಿಯ ಪೊದೆ ಅಂತ ಬಿಟ್ಟಿದ್ದೇವೆ. ಕತ್ತಾಳೆಗೆ ಹ್ಯಾನ್‌ಬರಿಯಲ್ಲಿ ಸಿಕ್ಕ ಮರ್ಯಾದೆ ಇದಕ್ಕೆ ನಮ್ಮ ತೋಟಗಳಲ್ಲಿ ಸಿಗಬೇಕು ಅಂತ ನನ್ನ ಆಸೆ. ಲ್ಯಾವೆಂಡರ್ ಬೇಕೇ ಬೇಕು ಅನ್ನುವವರು ಮಣ್ಣಿನ ಕುಂಡದಲ್ಲಿ ಅರ್ಧ ಜಲ್ಲಿ ಬೆರೆಸಿ ನೆಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳದ, ಗಾಳಿ ಆಡುವ ಸಜ್ಜೆಯ ಕೆಳಗೆ ಇಡಿ. ನನ್ನ ನಾಲ್ಕನೆಯ ಗಿಡ ಹಾಗೆ ಇಟ್ಟ ಮೇಲೆ ಒಂದು ಮಳೆಗಾಲ ದಾಟಿತು.

ನೆಟ್ಟ ಮೊದಲ ಬೇಸಿಗೆ, ಅಂದರೆ ಫೆಬ್ರವರಿಯಿಂದ ಮೇವರೆಗೆ, 15 ದಿನಕ್ಕೊಮ್ಮೆ ಪಾತಿ ತುಂಬಿಸಿ. ನಡುವೆ ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಮರುದಿನ ಬೆಳಿಗ್ಗೆ 6 ಗಂಟೆಗೆ ಹೋಗಿ ನೋಡಿ. ಎಲೆ ಮತ್ತೆ ನೆಟ್ಟಗಾಗಿದ್ದರೆ ನೀರು ಬೇಡ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ಕೊಡಿ. ಎರಡನೆಯ ಮಳೆಗಾಲ ಮುಗಿದ ಮೇಲೆ ಪಾತಿಯ ಕಟ್ಟೆ ಒಡೆದು ಮಣ್ಣು ಸಮ ಮಾಡಿ.